ಬೀರುವಿನೊಳಗಿನ ಕನ್ನಡಕ

ಕಾಲೇಜಿನ ಲ್ಯಾಬಿನಲ್ಲಿ ಆಸಿಡ್ ಸಿಡಿದು ಅಟೆಂಡರ್ ಹುಡುಗಿಯ ಎಡಗಣ್ಣು ಹೋಯಿತು. ವಿಚಾರಣೆಗೆಂದು ಬಂದ ಇಬ್ಬರು ಮೇಷ್ಟ್ರುಗಳು ಆಸ್ಪತ್ರೆಯ ವಾರ್ಡಿನ ಹೊರಗೆ, ಅವಳ ಅಕ್ಕ ಕೂತಿದ್ದ ಬೆಂಚಿನಲ್ಲೇ ಕೂತರು. ನೀನು ಯಾರಮ್ಮ ಎಂದು ಇಬ್ಬರೂ ಕೇಳಲಿಲ್ಲ. ಅಕ್ಕನ ಕಿವಿ ಮಾತ್ರ ನಿಮಿರಿತು.

"ಆಸಿಡ್‌ಗೆ ನೀರು ಸುರಿದ್ರೆ ಸಿಡಿಯುತ್ತೆ. ಯಾರು ಸುರಿದ್ರೂ ಅದೇ ಫಲಿತಾಂಶ," ಎಂದರು ಕೆಮಿಸ್ಟ್ರಿ ಮೇಷ್ಟ್ರು.

"ನಿಮ್ಮ ಕಣ್ಣಿಗಾದ್ರೆ ಲ್ಯಾಬ್ ಕನ್ನಡಕ ಇರುತ್ತೆ, ಸಾರ್. ಅವಳಿಗೆ?" ಎಂದರು ಹಿಸ್ಟರಿ ಮೇಷ್ಟ್ರು.

"ಬೀರುವಲ್ಲಿತ್ತು."

"ಬೀರುವಿನ ಬೀಗದ ಕೈ?"

"ನನ್ನ ಹತ್ರಾನೇ ಇತ್ತು, ಬಿಡಿ. ಅದು ರಿಯಾಕ್ಷನ್‌ಗೆ ಸೇರಲ್ಲ."

"ನಮ್ಮ ಹಿಸ್ಟರಿ ಶುರುವಾಗೋದೇ ಅಲ್ಲಿಂದ."

"ಹಾಗಾದ್ರೆ ವರದಿಯಲ್ಲಿ ನನ್ನ ಹೆಸರು ಬರೀತೀರೋ?"

ಹಿಸ್ಟರಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಛೆ, ಛೆ. ನಮ್ಮಲ್ಲಿ ಒಂದು ಪರಿಣಾಮಕ್ಕೆ ನೂರು ಕಾರಣ ಇರ್ತವೆ. ಒಬ್ಬರ ತಲೆಗೆ ಕಟ್ಟೋಕಾಗಲ್ಲ."

"ಹಾಗನ್ನಿ ಮತ್ತೆ. ಏಳಿ, ತಪ್ಪು ತನ್ನದೇ ಅಂತ ಅವಳ ಬಾಯಲ್ಲೇ ಹೇಳಿಸಿಬಿಡೋಣ."

ಅವರು ಏಳುವಷ್ಟರಲ್ಲಿ ಅಕ್ಕ ವಾರ್ಡಿನ ಬಾಗಿಲಿಗೆ ಅಡ್ಡ ನಿಂತಿದ್ದಳು.

"ದಾರಿ ಬಿಡಮ್ಮ."

"ಬಿಡಲ್ಲ, ಸಾರ್. ಒಳಗಿರೋದು ನನ್ನ ತಂಗಿ."