ಸಂತೆಚೌಕದ ಕೊಕ್ಕೆಯವಳು

ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣದೆ ಶನಿವಾರದ ಸಂತೆ ಅರ್ಧಕ್ಕೇ ನಿಂತುಹೋಗಿತ್ತು. ವೆನ್‌ಬರೊದ ಮೀನಿನವರು, ಹೂಗಿಡದವರು, ಚೀಸ್ ಮಾರುವವರು ಎಲ್ಲ ಡೇರೆ ಮಡಚಿ, ಚೌಕದ ನಡುವಿನ ಹಳೆಯ ಸಂತೆಮನೆಯ ಕಲ್ಲುಕಮಾನಿನ ಕೆಳಗೆ ಒತ್ತೊತ್ತಾಗಿ ನಿಂತಿದ್ದರು. ಹೊತ್ತು ಮುಳುಗುತ್ತಿತ್ತು. ಇದೇ ಚೌಕದಲ್ಲಿ ಗುಂಡಿ, ನೂಲು ಮಾರಿಕೊಂಡೇ ಮುದುಕಿಯಾದ ಡಾರ್ಕಸ್ ಅಜ್ಜಿ ಸೇಬಿನ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತು ಚಹಾ ಕುಡಿಯುತ್ತಿದ್ದಳು.

"ಅಜ್ಜೀ, ನದಿ ಬೀದೀಲಿ ಪೈಪ್ ಹಾಕೋಕೆ ಅಗೆದಾಗ ಮೂಳೆ ಸಿಕ್ತಂತೆ," ಎಂದಳು ಚೀಸ್ ಅಂಗಡಿಯ ಗ್ವೆನ್. "ದೆವ್ವ ಗಿವ್ವ ಎದ್ದು ಬಂದೀತಾ?"

"ಅದು ದನದ ಮೂಳೆ ಕಣೇ. ಅಲ್ಲಿ ಚರ್ಮ ಹದ ಮಾಡೋರು ಇದ್ರು. ದನ ದೆವ್ವ ಆಗಿ ಬಂದ್ರೆ ನೀನೇ ಹಾಲು ಕರ್ಕೋ." ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. "ದೆವ್ವ ಬೇಕಾ ನಿಮಗೆ? ಹಾಗಿದ್ರೆ ಹತ್ರ ಬನ್ನಿ... ಮಳೆ ಸದ್ದಿಗೆ ನಾನು ಕೂಗಿ ಹೇಳೋಕಾಗಲ್ಲ."

ಜುಡಿತ್ ಕಿಂಬರ್ ಅಂತ ಒಬ್ಳಿದ್ಳು. ನೆಲ ಅಗೆದು ಹಳೇ ಕಾಲ ಹುಡುಕೋದು ಅವಳ ಕೆಲಸ. ಗ್ವೆನ್, ನಿಮ್ಮಮ್ಮ ಇನ್ನೂ ಜಡೆ ಹಾಕ್ಕೊಂಡು ಶಾಲೆಗೆ ಹೋಗ್ತಿದ್ದ ಕಾಲ ಅದು. ಅಂಗಡಿಸಾಲಿನ ಹಿತ್ತಲಲ್ಲಿ ಹೊಸ ಕಟ್ಟಡ ಏಳಬೇಕಿತ್ತು, ಅದಕ್ಕೆ ಮುಂಚೆ ಕೆಳಗೆ ಏನಿದೆ ನೋಡಿ ಅಂತ ಅವಳನ್ನ ಕರೆಸಿದ್ರು. ನನ್ನ ಮನೆ ಮಾಳಿಗೇಲೇ ಬಾಡಿಗೆಗಿದ್ಳು. ಸಂಜೆ ಬಂದ್ರೆ ಉಗುರಿನ ತುಂಬ ಮಣ್ಣು, ಮುಖದ ತುಂಬ ಬೆಳಕು. ನನ್ನ ಅಡುಗೆ ಮೇಜಿನ ಮೇಲೇ ಒಡೆದ ತಟ್ಟೆ ಚೂರು ಹರವಿ ಹೇಳೋಳು: "ನೋಡಿ ಡಾರ್ಕಸ್, ಇದು ಸಮುದ್ರ ದಾಟಿ ಬಂದ ಹೂಜಿ. ಗಡ್ಡದವನ ಮುಖ ಇದೆ, ನೋಡಿ! ಕತ್ತೆ ಮೇಲೆ ಹೇರ್ಕೊಂಡು ಈ ಕೊಂಪೆಗೆ ತಂದಿದ್ದಾರೆ!"

"ಕೊಂಪೆ ಅಂದ್ರೆ ನಾಳೆ ತಿಂಡಿ ಇಲ್ಲ ನೋಡು," ಅಂತಿದ್ದೆ ನಾನು.

ಈ ಊರು ಹೇಗೆ ಬೆಳೀತು ಅಂತ ನನಗೆ ತಿಳಿಸಿಕೊಟ್ಟೋಳು ಅವಳೇ. ಎದುರಿಗಿದೆಯಲ್ಲ ಅಂಗಡಿಸಾಲು... ಮೊದಲು ಅಲ್ಲಿ ಬರೀ ಹಲಗೆ ಮಳಿಗೆ, ಸಂತೆ ಮುಗಿದ್ರೆ ಬಿಚ್ಕೊಂಡು ಹೋಗ್ಬೇಕು. ಯಾವನೋ ಒಬ್ಬ ಬಿಚ್ಚೋಕೆ ಸೋಮಾರಿತನ ಮಾಡ್ದ. ಪಕ್ಕದವನು ಮೇಲೆ ಹುಲ್ಲು ಹೊದಿಸ್ದ. ಅವನ ಮಗ ಅಟ್ಟ ಕಟ್ದ, ಸೊಸೆ ಆ ಅಟ್ಟದಲ್ಲೇ ಹೆತ್ಲು. ಹಾಗೆ ಹಾಗೇ ಊರಾಯ್ತು! ಯಾವ ದೊರೆ ಕಟ್ಟಿಸಿದ್ದೂ ಅಲ್ಲ. ನಮ್ಮಂಥೋರೇ... ಮಾರೋರೇ, ಕೊಳ್ಳೋರೇ.

ಆದ್ರೆ ಒಂದು ವಿಷಯ ಮಾತ್ರ ಅವಳಿಗೆ ಬಗೆಹರೀಲಿಲ್ಲ. ಅವಳು ಅಗೆದ ಗುಂಡಿಯ ಒಂದು ಕಡೆ ಮಣ್ಣಿನಲ್ಲಿ ಗೇಣುದ್ದ ಕಪ್ಪು... ನೂರಾರು ವರ್ಷದ ಹಿಂದೆ ಊರಿಗೆ ಬೆಂಕಿ ಬಿದ್ದಿತ್ತಲ್ಲ, ಅದರ ಬೂದಿ. ಇನ್ನೊಂದು ಕಡೆ ಒಂದು ಚೂರು ಮಸಿ ಇಲ್ಲ. ನಡುವೆ ಒಂದು ಮನೆಯ ಪಾಯ. ಆ ಮನೆ ಸುಟ್ಟಿಲ್ಲ, ಆದ್ರೆ ಪುಡಿಪುಡಿ. ತೊಲೆ ಎಲ್ಲ ಒಂದೇ ಕಡೆಗೆ ಬಿದ್ದಿವೆ, ತಟ್ಟೆ ಇಟ್ಟ ಜಾಗದಲ್ಲೇ ಚೂರಾಗಿದೆ. ಸುಡದೇ ಇರೋ ಮನೇನ ಯಾರು ಕೆಡವಿದ್ರು? ಯಾಕೆ ಕೆಡವಿದ್ರು?

ಒಂದಿನ ತುಂತುರು ಮಳೇಲಿ ಇದನ್ನೇ ಯೋಚಿಸ್ತಾ ತಲೆ ಎತ್ತಿದ್ಳು. ಗುಂಡಿ ಅಂಚಲ್ಲಿ ದಪ್ಪಗಿನ ಒಬ್ಬ ಹೆಂಗಸು. ಒರಟು ಬಟ್ಟೆ, ಮೊಣಕೈ ಮೇಲಕ್ಕೆ ಮಡಚಿದ ತೋಳು, ಕೈಯಲ್ಲಿ ಉದ್ದನೆ ಕೋಲು, ಕೋಲಿನ ತುದೀಲಿ ಕಬ್ಬಿಣದ ಕೊಕ್ಕೆ. ಪಕ್ಕದಲ್ಲಿ ಪಾಳು ಬಿದ್ದ ಇಟ್ಟಿಗೆ ಉಗ್ರಾಣ ಒಂದಿತ್ತು. ಆ ಕೊಕ್ಕೇನ ಅದರ ಬಾಗಿಲ ತೊಲೆಗೆ ಹಾಕಿ, ಗಟ್ಟಿ ಇದೆಯಾ ಅಂತ ನೋಡೋರ ಹಾಗೆ ಒಮ್ಮೆ ಎಳೆದ್ಳು. ತೊಲೆ ಮೇಲೆ ಗೀರು ಬಿತ್ತು. ಜುಡಿತ್ ಅಂದ್ಕೊಂಡ್ಳು, ಯಾರೋ ಹಿತ್ತಲ ಮನೆಯೋರು. "ಏನಮ್ಮಾ, ಏನು ಬೇಕಿತ್ತು?" ಅಂದ್ಳು. ಹೆಂಗಸು ಅವಳನ್ನ ಮೇಲಿಂದ ಕೆಳಗೆ ನೋಡಿ, "ನಿನ್ನದಲ್ಲ ತಾನೇ ಈ ಮನೆ?" ಅಂತ ಕೇಳಿ, ಮೂಲೆ ತಿರುಗಿ ಹೋಗ್ಬಿಟ್ಳು.

ಕಟ್ಟಡದ ಮೇಸ್ತ್ರಿ ರೆಗ್ ಹಾಬ್ಲಿ ಬಾಯಿಬಡುಕ. ಅವನನ್ನ ಕೇಳಿದ್ರೆ, "ನಾನು ಇಲ್ಲೇ ನಿಂತಿದ್ದೀನಿ, ಒಂದು ಬೆಕ್ಕೂ ಬಂದಿಲ್ಲ. ಹಳೇ ಕಾಲದ ಕಕ್ಕಸು ತೋಡಿ ತೋಡಿ ನಿಮಗೆ ತಲೆಗೆ ಹತ್ತಿದೆ," ಅಂತ ನಕ್ಕ.

ಮಾರನೇ ದಿನ, ಊಟದ ಹೊತ್ತು, ಮಳೆ ಜೋರಾಗಿತ್ತು. ಜುಡಿತ್ ಗುಂಡಿಯ ಆಳದಲ್ಲಿ ಮಂಡಿಯೂರಿ, ಮಣ್ಣಲ್ಲಿ ಅರ್ಧ ಹೂತಿದ್ದ ಮಗುವಿನ ಚರ್ಮದ ಚಪ್ಪಲಿ ಬಿಡಿಸ್ತಿದ್ಳು. ಒಮ್ಮೆಗೇ ಮೂಗಿಗೆ ಹೊಗೆ ವಾಸನೆ. ಅಂಥ ಮಳೇಲಿ ಎಲ್ಲಿಯ ಹೊಗೆ? ಬೆನ್ನ ಹಿಂದೆ ಯಾರೋ ಕೂಗಿದ್ರು.

"ಏಯ್ ಹುಡುಗೀ, ಏಳೇ! ಎಳೀತಿದ್ದೀನಿ, ಕಾಣಲ್ವಾ?"

"ಒಂದೇ ನಿಮಿಷ, ಇದೊಂದು ಬಿಡಿಸ್ಕೋತೀನಿ..."

"ಮಗು ಬದುಕಿದೆ! ಚಪ್ಪಲಿ ಹೋದ್ರೆ ಹೋಗ್ಲಿ ಬಿಡೇ!"

ಹಾಗಂದು ಒಂದು ಕೈ ಅವಳ ಮಣಿಕಟ್ಟು ಹಿಡೀತು... ಬಿಸಿ ಕೈ, ಒಲೆಯಿಂದ ಈಗಷ್ಟೇ ತೆಗೆದ ಬಾಣಲೆ ಹಾಗೆ. ರೆಗ್ ಮೇಲೆ ನಿಂತು ನೋಡ್ತಿದ್ದ. ಅವನಿಗೆ ಕಂಡಿದ್ದು ಇಷ್ಟು: ಜುಡಿತ್ ಒಂದು ಕೈ ಮೇಲಕ್ಕೆ ಚಾಚಿ, ಯಾರೋ ಎಳೆದ ಹಾಗೆ, ಕಾಲು ಮೆಟ್ಟಿಲಿಗೆ ತಾಗದೆ ಏಣಿ ಉದ್ದಕ್ಕೂ ಮೇಲೆ ಬಂದ್ಳು. ಎಳೆಯೋರು ಯಾರೂ ಇರಲಿಲ್ಲ. ಅವಳು ಅವನ ಕಾಲ ಹತ್ರ ಬಂದು ಬಿದ್ದಿದ್ದಷ್ಟೇ... ಉಗ್ರಾಣದ ಗೋಡೆ ಧಡಾರಂತ ಗುಂಡಿ ಒಳಕ್ಕೆ ಕುಸೀತು. ಇಡೀ ಉಗ್ರಾಣ! ಒಂದು ಇಟ್ಟಿಗೆ ಕೂಡ ಇನ್ನೊಂದರ ಮೇಲೆ ನಿಲ್ಲಲಿಲ್ಲ.

ಆವತ್ತು ಸಂಜೆ ನನ್ನ ಅಡುಗೆಮನೇಲಿ ತೋಳು ಮಡಚಿ ತೋರಿಸಿದ್ಳು. ಮಣಿಕಟ್ಟಿನ ಸುತ್ತ ಬೆರಳಿನ ಮಸಿ ಗುರುತು. ಸೋಪು ಹಾಕಿ ನಾನೇ ಉಜ್ಜಿದೆ, ಹೋಗಲಿಲ್ಲ. ಅವಳ ಕಣ್ಣು ಮಿನುಗ್ತಿತ್ತು. "ಡಾರ್ಕಸ್, ಪುಡಿಯಾಗಿ ಬಿದ್ದಿದೆಯಲ್ಲ, ಅದು ಆ ಕೊಕ್ಕೆಯವಳ ಸ್ವಂತ ಮನೆ," ಅಂದ್ಳು. "ಬೆಂಕಿ ಸಾಲಾಗಿ ಬರ್ತಿದೆ. ಮುಂದಕ್ಕೆ ದಾಟದೆ ಇರಬೇಕಾದ್ರೆ ನಡುವೆ ಒಂದು ಮನೆ ಇರಬಾರದು. ಯಾರು ತಾನೇ ತನ್ನ ಮನೆ ಕೊಡ್ತಾರೆ? ಇವಳು ಕೊಟ್ಟಿದ್ದಾಳೆ. ಕೊಕ್ಕೆ ತಗೊಂಡು ತಾನೇ ಎಳೆದಿದ್ದಾಳೆ! ಉಳಿದ ಅರ್ಧ ಊರಿಂದಲೇ ಈ ಊರು ಮತ್ತೆ ಬೆಳೆದಿದ್ದು."

ನಾನು ಕೇಳ್ದೆ: "ಸರಿ, ಆವತ್ತು ಬೆಂಕಿ ಇತ್ತು, ಎಳೆದ್ಳು. ಇವತ್ತು ಆ ಪಾಳು ಉಗ್ರಾಣ ಯಾಕೆ ಎಳೆದ್ಳು?"

ಅದಕ್ಕೆ ಉತ್ತರ ಸಿಕ್ಕಿದ್ದು ಬೇಸಿಗೇಲಿ. ಹುಲ್ಲು ಒಣಗಿ ಗರಿಗರಿ ಆಗಿದ್ದ ಒಂದು ಮಧ್ಯಾಹ್ನ, ಕುದುರೆ ಜೀನು ಹೊಲಿಯೋರ ಕೊಟ್ಟಿಗೆಗೆ ಬೆಂಕಿ ಬಿತ್ತು. ಗಾಳಿ ಚೌಕದ ಕಡೆಗೇ ಬೀಸ್ತಿತ್ತು. ಹಿತ್ತಲಿಂದ ಹಿತ್ತಲಿಗೆ ನೆಗೆದು ಬಂತು ಬೆಂಕಿ. ನಾವೆಲ್ಲ ಮಕ್ಕಳನ್ನ ಎತ್ಕೊಂಡು ಬೀದಿಗೆ ಬಂದಿದ್ವಿ. ಎಲ್ಲಿ ನಿಲ್ತು ಗೊತ್ತಾ? ಉಗ್ರಾಣ ಬಿದ್ದು ಬಯಲಾಗಿತ್ತಲ್ಲ, ಅಲ್ಲಿ. ಮುಂದಕ್ಕೆ ಹಿಡಿಯೋಕೆ ಏನೂ ಸಿಗದೆ ಅಲ್ಲೇ ಸತ್ತುಹೋಯ್ತು. ಜುಡಿತ್ ಆ ಬಯಲಲ್ಲಿ ನಿಂತು, ಎಲ್ಲರೆದುರೇ, ಖಾಲಿ ಗಾಳಿಗೆ ತಲೆ ಬಾಗಿಸಿ "ದೊಡ್ಡವಳು ಕಣಮ್ಮಾ ನೀನು" ಅಂದ್ಳು. ರೆಗ್ ಹಾಬ್ಲಿ, ಆ ಬಾಯಿಬಡುಕ... ಅವನೂ ಟೋಪಿ ತೆಗೆದ.

ಅಜ್ಜಿ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದಳು. ಮಳೆ ಹಾಗೇ ಸುರಿಯುತ್ತಿತ್ತು.

"ಆಮೇಲೆ ಅವಳು ಯಾರಿಗೂ ಕಾಣಲಿಲ್ವಾ ಅಜ್ಜೀ?" ಗ್ವೆನ್ ಮೆಲ್ಲಗೆ ಕೇಳಿದಳು.

"ಕಾಣಲಿಲ್ಲ. ಮೊನ್ನೆ ಮಂಗಳವಾರ ಬೆಳಿಗ್ಗೆ ಹಾಲು ತಗೊಳ್ಳೋಕೆ ಬಾಗಿಲು ತೆಗೆದೆ. ಬಾಗಿಲ ತೊಲೆ ಮೇಲೆ ಹಸಿ ಗೀರು... ಇಷ್ಟುದ್ದ. ಕೆಳಗೆ ಮರದ ಪುಡಿ ಇನ್ನೂ ಉದುರ್ತಿತ್ತು. ಪಿಂಗಾಣಿ ಸಾಮಾನೆಲ್ಲ ತಂಗಿ ಮಗಳ ಮನೆಗೆ ಸಾಗಿಸಿದ್ದೀನಿ. ನನಗೇನೂ ಬೇಜಾರಿಲ್ಲಪ್ಪ; ನನ್ನ ಮನೇನ ಆರಿಸಿದ್ದಾಳೆ ಅಂದ್ರೆ ಒಂದು ಮರ್ಯಾದೇನೇ." ಅಜ್ಜಿ ಪೆಟ್ಟಿಗೆಯಿಂದ ಎದ್ದು, ಶಾಲು ಹೊದ್ದುಕೊಂಡು, ಸುತ್ತ ನಿಂತವರ ಮುಖವನ್ನು ಒಂದೊಂದಾಗಿ ನೋಡಿದಳು. "ಆದ್ರೆ ಮಕ್ಕಳೇ... ನಿಮ್ಮ ನಿಮ್ಮ ಮನೆ ನನ್ನ ಮನೆಯ ಯಾವ ಪಕ್ಕಕ್ಕಿದೆ ಅಂತ, ಹೋಗ್ತಾ ದಾರೀಲಿ ಸ್ವಲ್ಪ ನೋಡ್ಕೊಂಡು ಹೋಗಿ."