ಹನ್ನೊಂದನೇ ಕೋಣೆಯ ಗಾಳಿ

ಆ ಫ್ಯಾನ್ ಒಂದು ಆರಿಸಿಬಿಡಿ. ಸೆಕೆಯಾದರೂ ಪರವಾಗಿಲ್ಲ... ತಲೆ ಮೇಲೆ ಗಾಳಿ ಬೀಸುತ್ತಿದ್ದರೆ ನನಗೆ ಈ ವಿಷಯ ಹೇಳಲು ಬಾಯೇ ಬರುವುದಿಲ್ಲ.

ಇದು ನನ್ನ ದೊಡ್ಡಪ್ಪನ ಮಗನಿಗೆ ಆದದ್ದು. ಒಂದು ಸಂಜೆ, ಏಳರ ಹೊತ್ತು, ಶಾಲೆಯಲ್ಲಿ ಕೆಲಸ ಮುಗಿಸಿ ಮನೆಗೆ ನಡೆದು ಹೊರಟಿದ್ದ. ಹಳೇ ಕಟ್ಟಡದ ಹಿಂದೆ ಒಂದು ಪಾಳು ಬಾವಿ, ಬಾಯಿಗೆ ಕಬ್ಬಿಣದ ಸರಳು ಹಾಕಿ ಮುಚ್ಚಿದ್ದಾರೆ. ಅದರ ಪಕ್ಕದ ಗೋಡೆಯಲ್ಲೇ ಇಡೀ ಕಟ್ಟಡಕ್ಕೆ ಗಾಳಿ ಎಳೆದುಕೊಳ್ಳುವ ದೊಡ್ಡ ಕಿಂಡಿ. ಅಲ್ಲಿಗೆ ಬಂದಾಗ ಯಾರೋ ಕೆಮ್ಮಿದರು. ಖೊಕ್... ಖೊಕ್... ಆಮೇಲೆ ಉಸಿರು ಕಿತ್ತು ಬರುವ ಹಾಗೆ ಒಂದು ಉದ್ದನೆಯ ಖೋ... ಅದರ ಬೆನ್ನಿಗೇ ಮರದ ಡಸ್ಟರಿನಿಂದ ಮೇಜು ಕುಟ್ಟಿದ ಸದ್ದು. ಟಕ್. ಟಕ್. ಟಕ್.

ಅಣ್ಣ ನಿಂತಲ್ಲೇ ನಿಂತ. ಆ ಕೆಮ್ಮು ಅವನಿಗೆ ಗೊತ್ತಿತ್ತು. ಕೆಮ್ಮುತ್ತಿದ್ದವಳು ಸತ್ತು ಆಗಲೇ ಹತ್ತೊಂಬತ್ತು ದಿನವಾಗಿತ್ತು.

ತಡೆಯಿರಿ, ಮೊದಲಿಂದ ಹೇಳುತ್ತೇನೆ. ಇಲ್ಲದಿದ್ದರೆ ನೀವು ಪಾಪ ಅಂತ ಅವನ ಕಡೆ ಸೇರಿಬಿಡುತ್ತೀರಿ.

ನಮ್ಮ ಮನೆಯಲ್ಲಿ ಅಣ್ಣನಿಗೆ ‘ನಕ್ಷೆ’ ಅಂತ ಹೆಸರು. ಮನೆ ಬದಲಾಯಿಸುವಾಗ ಪೊರಕೆ ಯಾವ ಮೂಲೆಗೆ ಅನ್ನುವುದಕ್ಕೂ ಕಾಗದದ ಮೇಲೆ ಬಾಣ ಗುರುತು ಹಾಕಿದ ಮಹಾಶಯ. ಅವನ ಕೆಲಸವೂ ಅದೇ. ಶಾಲೆಗಳ ಚಾವಣಿಯೊಳಗೆ ಗಾಳಿ ಹರಿಯುವ ತಗಡಿನ ಕೊಳವೆಗಳಿರುತ್ತವಲ್ಲ, ಅವನ್ನು ರಜೆಯಲ್ಲಿ ಶುಚಿ ಮಾಡಿಸುವ ಯೋಜನೆ ಹಾಕುವುದು. ಯಾವ ದಿನ ಯಾವ ಕಟ್ಟಡ, ಎಲ್ಲಿ ತೂತು ಕೊರೆಯಬೇಕು, ಎಲ್ಲಿಂದ ಬ್ರಷ್ ಬಿಡಬೇಕು, ಧೂಳು ಎಳೆಯುವ ಯಂತ್ರ ಎಲ್ಲಿ ಕೂರಬೇಕು... ಎಲ್ಲ ಅವನೇ ಬರೆಯಬೇಕು. ಕೊನೆಗೆ ಕೋಣೆಗೆ ಎರಡು ಫೋಟೋ. ಶುಚಿ ಮಾಡುವ ಮೊದಲು ಒಂದು, ಆಮೇಲೆ ಒಂದು.

ಆ ಶಾಲೆಯ ಹಳೇ ಕಟ್ಟಡದ ತುದಿಯಲ್ಲಿ ಹನ್ನೊಂದನೇ ಕೋಣೆ. ಅಲ್ಲಿಗೆ ಹೋಗುವ ಕೊಳವೆ ಮೊಣಕೈ ಹಾಗೆ ತಿರುಗುತ್ತೆ, ಬ್ರಷ್ ದಾಟುವುದಿಲ್ಲ. ಚಾವಣಿ ಬಿಚ್ಚಬೇಕು, ಎರಡು ದಿನ ಬೇಕು. ಇದ್ದದ್ದು ಹತ್ತೇ ದಿನದ ರಜೆ, ನಾಲ್ಕು ಕಟ್ಟಡ. ಮೊದಲ ವರ್ಷ ಅಣ್ಣ ಅದನ್ನು ಯೋಜನೆಯಿಂದ ಬಿಟ್ಟ. ಫೋಟೋ ಬೇಕಲ್ಲ? ಹತ್ತನೇ ಕೋಣೆಯದ್ದನ್ನೇ ಇನ್ನೊಂದು ಸಲ ಅಂಟಿಸಿದ. ಎರಡನೇ ವರ್ಷ ಹಳೇ ಯೋಜನೆಯ ತಾರೀಖು ಮಾತ್ರ ತಿದ್ದಿದ. ಮೂರನೇ ವರ್ಷವೂ ಅದೇ. ಹೀಗೆ ಆರು ವರ್ಷ. ನನ್ನ ಅಣ್ಣನೇ ಆದರೂ ಹೇಳುತ್ತೇನೆ, ಶುದ್ಧ ಮೋಸ.

ಆ ಕೋಣೆಯ ಟೀಚರ್ ಪಟ್ಟು ಬಿಡುವವಳಲ್ಲ. ಸೋಮವಾರ ಗಾಳಿಯ ಜಾಲರಿಗೆ ಅಂಗೈ ಅಗಲದ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಶುಕ್ರವಾರ ಬಿಚ್ಚಿ, ಮೂಲೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು, ಲಕೋಟೆಯಲ್ಲಿ ಹಾಕಿ ಅಣ್ಣನಿಗೆ ಕಳಿಸುತ್ತಿದ್ದಳು. ಬಟ್ಟೆಯ ಮೇಲೆ ಜಾಲರಿಯ ಪಟ್ಟಿ ಪಟ್ಟಿ ಕಪ್ಪು ಅಚ್ಚು. ಅಣ್ಣ ಮೊದಲ ಎರಡು ಲಕೋಟೆ ಒಡೆದ. ಉಳಿದದ್ದೆಲ್ಲ ಹಾಗೇ ಡ್ರಾಯರಿಗೆ.

ಕೊನೆಗೊಂದು ದಿನ ಅವಳೇ ಆಫೀಸಿಗೆ ಬಂದಳು.

“ಒಂದ್ಸಲ ಒಳಗೆ ನೋಡಿಸಿ ಸಾರ್. ಮೂವತ್ತೆರಡು ಮಕ್ಕಳು ಕೆಮ್ತಾ ಕೂತಿರ್ತಾರೆ.”

“ಮಾಡ್ಸಿದೀವಲ್ಲ ಟೀಚರ್. ಫೋಟೋ ಇದೆ ನೋಡಿ.”

ಅವಳು ಫೋಟೋ ತೆಗೆದುಕೊಂಡು ಬೆಳಕಿಗೆ ಹಿಡಿದಳು. “ಈ ಜಾಲರಿಗೆ ನಾಲ್ಕು ಸ್ಕ್ರೂ ಇದೆ ಸಾರ್. ನನ್ ಕ್ಲಾಸಿನ ಜಾಲರಿಗೆ ಮೂರೇ.”

ಅಣ್ಣ ಮುಖ ತಿರುಗಿಸಿದ. ಅವಳಿಗೆ ಕೆಮ್ಮು ಬಂತು. ಎರಡು ಚಿಕ್ಕದು, ಒಂದು ಉದ್ದ. ಕ್ಲಾಸಿನಲ್ಲಿ ಮಕ್ಕಳು ಹೆದರಬಾರದು ಅಂತ ಕೆಮ್ಮಿದ ಕೂಡಲೇ ಡಸ್ಟರಿನಿಂದ ಮೇಜು ಕುಟ್ಟಿ ಪಾಠ ಮುಂದುವರಿಸುವ ಅಭ್ಯಾಸ ಅವಳಿಗೆ. ಆಫೀಸಿನಲ್ಲೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದಳು. ಟಕ್, ಟಕ್, ಟಕ್. ಮೆಲ್ಲಗೆ ಹೇಳಿದಳು, “ಈ ಗಾಳಿ ನಿಮ್ಗೂ ಕುಡಿಸ್ತೀನಿ.” ಎರಡೇ ತಿಂಗಳು, ಹೋಗಿಬಿಟ್ಟಳು. ಉಸಿರು ಸಾಲದೆ.

ಈಗ ಬಾವಿಯ ಹತ್ತಿರ ಬನ್ನಿ. ಕಟ್ಟಡದ ಗಾಳಿ ಯಂತ್ರವನ್ನು ಐದು ಗಂಟೆಗೇ ಅಣ್ಣ ತನ್ನ ಕೈಯಾರೆ ಆರಿಸಿದ್ದ. ಆ ಕಿಂಡಿ ಗಾಳಿಯನ್ನು ಒಳಗೆ ಎಳೆಯುತ್ತದೆಯೇ ಹೊರತು ಹೊರಗೆ ಊದುವುದಿಲ್ಲ. ಇದು ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅವತ್ತು ಊದಿತು. ಹೂ... ಅಂತ. ಬೆಚ್ಚಗೆ, ಒಣಗಿ, ಸೀಮೆಸುಣ್ಣದ ವಾಸನೆಯ ಗಾಳಿ ನೇರ ಅವನ ಮುಖಕ್ಕೆ. ಅದರೊಳಗೆ ಪಿಸುಮಾತು.

“ಫೋಟೋ ತೆಗೀರಿ ಸಾರ್...”

ಎದ್ದೆನೋ ಬಿದ್ದೆನೋ ಅಂತ ಓಡಿ ಮನೆ ಸೇರಿದ. ಮುಖ ತೊಳೆದು ಟವೆಲ್ಲಿನಲ್ಲಿ ಒರೆಸಿದ. ಅತ್ತಿಗೆ ಟವೆಲ್ ನೋಡಿ, “ಮಸಿ ಎಲ್ಲಿ ಮೆತ್ಕೊಂಡ್ರಿ?” ಅಂದಳು. ಬರೀ ಮಸಿಯಲ್ಲ. ಅಂಗೈ ಅಗಲ, ಪಟ್ಟಿ ಪಟ್ಟಿ.

ಮಾರನೇ ದಿನ ಆಫೀಸಿನಲ್ಲಿ ಕೆಮ್ಮು ಶುರುವಾಯಿತು. ಖೊಕ್, ಖೊಕ್, ಖೋ... ವಾರದೊಳಗೆ ಮೆಟ್ಟಿಲು ಹತ್ತಲು ಆಗದ ಹಾಗಾದ. ಬಾಯಿಗೆ ಹಿಡಿದ ಕರವಸ್ತ್ರವೆಲ್ಲ ಕಪ್ಪು. ಡಾಕ್ಟರ್ ಎದೆಯ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು.

“ಏನೂ ಇಲ್ಲ ಕಣ್ರೀ. ಫೋಟೋ ನೋಡಿ, ಎಷ್ಟು ಕ್ಲೀನಾಗಿದೆ!”

ಅಣ್ಣ ಗಳಗಳ ಅತ್ತುಬಿಟ್ಟ. ಅವತ್ತೇ ನನ್ನ ಮುಂದೆ ಎಲ್ಲ ಬಾಯಿ ಬಿಟ್ಟದ್ದು. “ಆ ಕೊಳವೆ ತೊಳ್ಸಿಬಿಡ್ತೀನಿ ಕಣೋ. ತೊಳ್ಸಿದ್ರೆ ಬಿಡ್ತಾಳೆ. ಇಲ್ದಿದ್ರೆ ಉಳಿಯಲ್ಲ ನಾನು.” ನನಗೆ ಕರುಣೆ ಬಂತು. ಸುಳ್ಳು ಯಾಕೆ, ತಕ್ಕ ಶಾಸ್ತಿ ಅಂತಲೂ ಅನ್ನಿಸಿತು.

ಭಾನುವಾರ, ನಡು ಮಧ್ಯಾಹ್ನ, ಹನ್ನೊಂದನೇ ಕೋಣೆಗೆ ಹೋದೆವು. ಅಣ್ಣ, ನಾನು, ಬ್ರಷ್ ಹಾಕುವ ಮೇಸ್ತ್ರಿ. ಅವತ್ತು ಅಣ್ಣನಿಗೆ ಕೆಮ್ಮೇ ಇರಲಿಲ್ಲ. ತೊಳೆಸಲು ಮನಸ್ಸು ಮಾಡಿದ್ದಕ್ಕೇ ಕಡಿಮೆಯಾಯಿತು ಅಂತ ನಾವು ಖುಷಿಪಟ್ಟೆವು. ಜಾಲರಿಗೆ ಒಂದು ಬಿಳಿ ಬಟ್ಟೆ ಕಟ್ಟಿತ್ತು. ಹಾಲಿನಷ್ಟು ಬಿಳಿ, ಒಂದು ಚುಕ್ಕೆ ಇಲ್ಲ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ತಾರೀಖು. ಆ ಭಾನುವಾರದ್ದೇ.

ಮೇಸ್ತ್ರಿ ಮೂರು ಸ್ಕ್ರೂ ಬಿಚ್ಚಿದ. ಕಿರ್... ಕಿರ್... ಕಿರ್. ಚಾವಣಿ ಬಿಚ್ಚಿ ತಲೆ ತೂರಿಸಿದ. ನಾನು ಏಣಿ ಹತ್ತಿ ಟಾರ್ಚ್ ಹಿಡಿದೆ. ಮೊಣಕೈ ತಿರುವಿನ ಆಚೆಗೂ ಬೆಳಕು ಬಿತ್ತು. ತಗಡು ಫಳಫಳ ಹೊಳೆಯುತ್ತಿತ್ತು, ನನ್ನ ಮುಖ ನನಗೆ ಕಾಣುವಷ್ಟು.

“ಯಾರೋ ಆಗ್ಲೇ ಕ್ಲೀನ್ ಮಾಡಿದಾರೆ ಸಾರ್,” ಅಂದ ಮೇಸ್ತ್ರಿ. “ಒಂದು ಚಿಟಿಕೆ ಧೂಳಿಲ್ಲ.”

ಕೆಳಗೆ ಅಣ್ಣ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತ. “ಹಾಗಾದ್ರೆ... ಆರು ವರ್ಷದ್ದು...” ಅಂತ ಎದೆಯ ಮೇಲೆ ಕೈ ಇಟ್ಟುಕೊಂಡ. ತೊಳೆಸಲು ಅಲ್ಲಿ ಏನೂ ಉಳಿದಿರಲಿಲ್ಲ.

ಸಾಯಲಿಲ್ಲ, ಇದ್ದಾನೆ. ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾನೆ. ಆ ಕೋಣೆಯ ಮಕ್ಕಳು ಈಗ ಕೆಮ್ಮುವುದಿಲ್ಲವಂತೆ. ಅಣ್ಣ ಕೆಮ್ಮುತ್ತಾನೆ. ಬೆಳಗ್ಗೆ ಒಂಬತ್ತಕ್ಕೆ ಶುರುವಾದರೆ ಮಧ್ಯಾಹ್ನ ಮುಕ್ಕಾಲು ಗಂಟೆ ಬಿಡುವು, ಮತ್ತೆ ಮೂರೂವರೆವರೆಗೆ. ಭಾನುವಾರ ಇಲ್ಲ. ದೊಡ್ಡ ರಜೆಯಲ್ಲಿ ಒಂದು ದಿನವೂ ಇಲ್ಲ.

ಮನಸ್ಸಿನ ಭ್ರಮೆ ಅನ್ನುತ್ತೀರಿ. ನಾನೂ ಅಂದಿದ್ದೆ. ಆದರೆ ಮೊನ್ನೆ ಬುಧವಾರ ಹತ್ತಾಯಿತು, ಹನ್ನೊಂದಾಯಿತು... ಕೆಮ್ಮು ಬರಲಿಲ್ಲ. ಅತ್ತಿಗೆ ಸಂತೋಷದಿಂದ ಫೋನ್ ಮಾಡಿದಳು. ನಾನು ಫೋನ್ ಇಟ್ಟು ಮೇಸ್ತ್ರಿಯನ್ನು ಕೇಳಿದೆ. ಬೆಳಗ್ಗೆ ಎಂಟೂವರೆಗೆ ಶಾಲೆಯಲ್ಲಿ ನೀರಿನ ಪೈಪ್ ಒಡೆದು, ಗೇಟಿನಿಂದಲೇ ಮಕ್ಕಳನ್ನು ವಾಪಸ್ ಕಳಿಸಿದ್ದರಂತೆ. ಅದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುರುವಾರ ಶಾಲೆ ತೆರೆಯಿತು.