ಲೈಸನ್ಸ್ ಬೇಡದ ಅಲೆ

"ಹಲೋ… ಯಾರು ಮಾತಾಡ್ತಿರೋದು?… ಹಾಂ? ಸ್ವಲ್ಪ ಜೋರಾಗಿ ಹೇಳಿ, ಇದು ಆಸ್ಪತ್ರೆ, ಏನೂ ಕೇಳಿಸ್ತಿಲ್ಲ… ಪುಟ್ಟಾ? ನೀನೇನೋ? ಯಾರ ನಂಬರು ಇದು?"

"…ರೇಡಿಯೋ ತಪಾಸಣೆ ಆಫೀಸಾ? ಅಲ್ಲೇನು ಮಾಡ್ತಿದ್ದೀಯ?… ಯಾಕೆ ಪಿಸಪಿಸ ಅಂತೀಯ?… ಓ, ಅಧಿಕಾರಿ ಒಳಗಿದ್ದಾರಾ. ಸರಿ, ಹೇಳು."

ಅಕ್ಕ ವಾರ್ಡಿನ ಬಾಗಿಲಿಂದ ಈಚೆ ಬಂದು ಗೋಡೆಗೆ ಒರಗಿ ನಿಂತಳು. ಅವಳೂ ತಮ್ಮನೂ ಸೇರಿ ತಂತಿಯಿಲ್ಲದ ಕರೆಗಂಟೆ ಮಾಡುವ ಸಣ್ಣದೊಂದು ಕಾರ್ಖಾನೆ ನಡೆಸುತ್ತಿದ್ದರು. ಗಂಟೆಯ ರೇಡಿಯೋ ಅಲೆ ಎಷ್ಟು ಬಲವಾಗಿದೆ ಎಂದು ಅಳೆದು ಒಪ್ಪಿಗೆ ಕೊಡುವುದು ಅವಳ ಕೆಲಸ. ಮಾರುವುದು, ಮನೆಮನೆಗೆ ಹೋಗಿ ಕೂರಿಸುವುದು ಅವನದು.

"…ನಮ್ಮ ಗಂಟೆ ಮೇಲೆ ದೂರಾ? ಕಾರಿನ ರಿಮೋಟ್ ಕೆಲಸ ಮಾಡ್ತಿಲ್ಲ ಅಂದ್ರೆ ನಮ್ಮ ಗಂಟೆ ಏನು ಮಾಡುತ್ತೆ? ಅದರ ಅಲೆ ಪಿಸುಮಾತಿನಷ್ಟೇ. ನಾನೇ ಅಳೆದಿದ್ದೀನಲ್ಲ."

"…ಅಳೆದಾಗ ಸರಿ ಇತ್ತು ಅಂದ್ರೆ? ಆಮೇಲೇನಾಯ್ತು?… ಮಾತು ನುಂಗಬೇಡ, ಬಿಡಿಸಿ ಹೇಳು."

"…ಎಷ್ಟು ಪಟ್ಟು ಜೋರು ಮಾಡಿದೆ?… ಇನ್ನೊಂದ್ಸಲ ಹೇಳು."

ಸ್ಟ್ರೆಚರೊಂದು ಅವಳನ್ನು ಸವರಿಕೊಂಡೇ ಹೋಯಿತು. ಅವಳಿಗದು ಗೊತ್ತಾಗಲಿಲ್ಲ.

"ಮೇಲಿನ ಮಹಡೀಲಿ ಗಂಟೆ ಹೊಡ್ಕೊಳ್ಳಲ್ಲ ಅಂತ ಗಿರಾಕಿಗಳು ಗೊಣಗಿದ್ರೆ ನನಗೆ ಹೇಳಬೇಕಿತ್ತು, ಅಲ್ವಾ? ಲೈಸನ್ಸ್ ಬೇಡದ ಅಲೆ ಅಂದ್ರೆ ಹೇಳೋರು ಕೇಳೋರು ಇಲ್ಲ ಅಂತಲ್ಲ ಕಣೋ. ಕಾರಿನ ಬೀಗ, ಗೇಟು, ಗಂಟೆ, ಎಲ್ಲಾ ಅದೇ ಜಾಗದಲ್ಲಿ ಬದುಕಬೇಕು. ಅದಕ್ಕೇ ಮೆತ್ತಗೆ ಮಾತಾಡಿ ಸುಮ್ಮನಾಗಬೇಕು. ನೀನು ಅದನ್ನ ಕಿರುಚೋ ಹಾಗೆ ಮಾಡಿದ್ದೂ ಅಲ್ದೆ… ಏನಂದೆ? ನಿಲ್ಲಿಸದೇನೇ ಕಿರುಚುತ್ತಾ? ಯಾರೂ ಒತ್ತದೇ ಇದ್ರೂ?"

"…ಎಲ್ಲೆಲ್ಲಿ ಕೂರಿಸಿದ್ದೀಯ?… ಹಾಂ… ಮತ್ತೆ?… ಮತ್ತೆ ಎಲ್ಲಿ ಅಂತ ಕೇಳ್ದೆ."

"…ಚಿಕ್ಕಮ್ಮ ಇರೋ ಕಟ್ಟಡಕ್ಕಾ? ಪ್ರತಿ ಬಾಗಿಲಿಗೂ?"

ತೆರೆದ ಬಾಗಿಲಿನಾಚೆ ಚಿಕ್ಕಮ್ಮ ಮಲಗಿದ್ದರು. ತಾಯಿಯಿಲ್ಲದ ಈ ಇಬ್ಬರನ್ನೂ ಎತ್ತಿ ಆಡಿಸಿ ಸಾಕಿದವರು. ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಕೊರಳಿಗೆ ಹಾಕಿಕೊಂಡಿದ್ದ ತುರ್ತು ಕರೆಯ ಗುಂಡಿ ಒತ್ತಿದರೆ ಕೆಳಗಿನ ಮನೆಯ ನರ್ಸಿಗೆ ಕರೆ ಹೋಗಬೇಕಿತ್ತು. ಹೋಗಿರಲಿಲ್ಲ. ಕೆಲಸದವಳು ಬಂದು ನೋಡುವವರೆಗೂ ಒದ್ದೆ ನೆಲದ ಮೇಲೆಯೇ ಬಿದ್ದಿದ್ದರು.

"ಆ ಗುಂಡೀದೂ ಅದೇ ಅಲೆ… ಅಲ್ವಾ, ಪುಟ್ಟಾ?"

"…ನಿನ್ನೆ ನೀನು ಇಲ್ಲೇ ಮಂಚದ ಪಕ್ಕ ಕೂತಿದ್ದೆ. ನಾನು ಅವರನ್ನ ಬೈತಿದ್ದೆ. ಒತ್ತಿದೆ ಕಣಮ್ಮ, ಒತ್ತಿದೆ ಅಂತ ಅವರು ಬಡ್ಕೊಂಡ್ರು. ಒತ್ತಿದ್ರೆ ನರ್ಸಿಗೆ ಯಾಕೆ ಕೇಳಿಸ್ಲಿಲ್ಲ, ನಿಮಗೆ ಅರಳುಮರಳು ಅಂದೆ. ನೀನು ಕಿತ್ತಳೆ ಸುಲೀತಿದ್ದೆ. ಆಗಲೇ ಗೊತ್ತಿತ್ತಾ ನಿನಗೆ?"

"…ಗೊತ್ತಿತ್ತಾ ಅಂತ ಕೇಳಿದೆ."

"…ನೀನು ಒಂದೊಂದೇ ತೊಳೆ ಬಿಡಿಸಿ ಅವರ ಬಾಯಿಗಿಟ್ಟೆ. ಇರ್ಲಿ ಬಿಡಮ್ಮ, ನಾನೇ ಒತ್ತಿರಲಿಲ್ಲವೇನೋ ಅಂತ ಕೊನೆಗೆ ಅವರೇ ಒಪ್ಕೊಂಡ್ರು. ನೀನು ಆಗಲೂ ಬಾಯಿ ಬಿಡ್ಲಿಲ್ಲ."

ಆಚೆಯಿಂದ ಅಳು ಕೇಳಿಸಿತು. ಚಿಕ್ಕವನಿದ್ದಾಗ ಅವನು ಹೀಗೆ ಅತ್ತರೆ ಅವಳು ತನ್ನ ಪಾಲಿನದನ್ನೂ ಕೊಟ್ಟು ಸಮಾಧಾನ ಮಾಡುತ್ತಿದ್ದಳು. ಈಗ ಸುಮ್ಮನೆ ಕಾದಳು.

"ಆಯ್ತಾ?… ಈಗ ಫೋನ್ ಯಾಕೆ ಮಾಡಿದೆ, ಅದು ಹೇಳು… ಅವರು ನನ್ನನ್ನ ಕೇಳ್ತಾರಾ? ಕೇಳ್ಲಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ… ಬೇಡವಾ? ಯಾಕೆ?… ನೀನೇನು ಹೇಳಿದ್ದೀಯ ಅವರಿಗೆ?"

"…ಅಕ್ಕನೇ ಜೋರು ಮಾಡಿದ್ದು ಅಂತ?… ನನಗೇನೂ ತಿಳೀದು, ಅವಳು ಕೊಟ್ಟಿದ್ದನ್ನ ಕೂರಿಸಿ ಬರೋನು ಅಂತ?"

"…ಹೂಂ. ನಾನು ಹೊಟ್ಟೆಗೆ ಹಾಕ್ಕೋಬೇಕು. ನಿನಗೆ ಹೆಂಡತಿ ಮಕ್ಕಳಿದ್ದಾರೆ, ಅಕ್ಕ ಒಂಟಿ ಜೀವ, ಬಂದದ್ದು ತಡ್ಕೋತಾಳೆ. ಅಲ್ವಾ?… ಹಾಗೆ ಹೇಳ್ಲಿಲ್ಲವಾ. ಸರಿ… ಒಂದು ನಿಮಿಷ ಇರು. ಇಡಬೇಡ."

ಅವಳು ಒಳಗೆ ಹೋಗಿ ಫೋನನ್ನು ಕಿವಿಯಿಂದ ತೆಗೆಯದೆಯೇ ಮಂಚದ ಅಂಚಿಗೆ ಕೂತಳು.

"ಚಿಕ್ಕಮ್ಮ, ನೀವು ಒತ್ತಿದ್ದು ನಿಜ. ನಿಮ್ಮ ತಲೆ ನೆಟ್ಟಗಿದೆ. ಕೆಟ್ಟಿದ್ದು ನಮ್ಮ ಗಂಟೆಯಿಂದ. ನಿನ್ನೆ ನಾನು ಅಂದಿದ್ದು ತಪ್ಪು."

ಚಿಕ್ಕಮ್ಮ ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದರು. ರೆಪ್ಪೆಯ ಅಂಚಿನಲ್ಲಿ ನೀರು ಜಿನುಗಿತು.

"…ಕೇಳಿಸ್ತಾ ಪುಟ್ಟಾ?… ಈಗ ಒಳಗೆ ಹೋಗಿ ಆ ಅಧಿಕಾರೀನ ಕರಿ… ಇಲ್ಲ, ನಿನ್ನ ಹತ್ರ ಮಾತು ಮುಗೀತು. ಅವರಿಗೆ ಫೋನ್ ಕೊಡು… ಕೊಡು ಅಂದೆ… ಹಲೋ… ಹಲೋ…"

ಲೈನು ಕಡಿದಿತ್ತು. ಚಿಕ್ಕಮ್ಮ ಹಿಡಿದ ಸೆರಗನ್ನು ಬಿಡಿಸಿಕೊಳ್ಳದೆ, ಅವಳು ಆಫೀಸಿನ ಅದೇ ನಂಬರಿಗೆ ತಿರುಗಿ ಫೋನ್ ಮಾಡಿದಳು.